ಹಣ ತಲುಪಿತೆಂಬ ನೆಮ್ಮದಿ: ಹುಂಡಿಯಿಂದ ಮೊಬೈಲಿನವರೆಗೆ

ಹೊಟ್ಟೆಪಾಡಿಗಾಗಿ ಊರು ಬಿಟ್ಟು ಮುಂಬಯಿ, ಪುಣೆಗಳನ್ನು ಸೇರಿದ ನಮ್ಮ ಹಿರಿಯರಿಗೆ ಸಂಬಳದ ವಾರವೆಂದರೆ ಅಂಚೆ ಕಚೇರಿಯ ಸಾಲು. ಅವರು ಅರ್ಧ ದಿನ ನಿಂತು ಮಾಡುತ್ತಿದ್ದ ಕೆಲಸವನ್ನು ಇಂದು ನಾವು ಲೋಕಲ್ ಗಾಡಿಯಲ್ಲಿ ನಿಂತಲ್ಲೇ ಮುಗಿಸುತ್ತೇವೆ. ಇದನ್ನು ಹೊಸ ಕಾಲದ ಪವಾಡವೆನ್ನುವುದು ವಾಡಿಕೆ. ಆದರೆ ಹಣ ಕಳುಹಿಸುವ ಸಾಧನ ಸುಲಭವಾಗಿರಬೇಕು, ತಪ್ಪಿಗೆ ಎಡೆಗೊಡಬಾರದು, ತಲುಪಿದ್ದಕ್ಕೆ ಸಾಕ್ಷಿ ನೀಡಬೇಕು ಎಂಬ ಬೇಡಿಕೆಗಳು ಮೊಬೈಲಿಗಿಂತ ಬಹಳ ಹಳೆಯವು.

ಹುಂಡಿಯನ್ನೇ ನೋಡೋಣ. ನಾಣ್ಯದ ಚೀಲ ಹೊತ್ತು ಕಳ್ಳಕಾಕರ ದಾರಿಯಲ್ಲಿ ಸಾಗುವ ಬದಲು ವರ್ತಕರು ಒಂದು ಚೀಟಿಯನ್ನು ಒಯ್ಯುತ್ತಿದ್ದರು. ತೋರಿಸಿದ ಕೂಡಲೇ ಹಣ ಕೊಡಬೇಕಾದದ್ದು ದರ್ಶನಿ ಹುಂಡಿ. ಗೊತ್ತಾದ ಅವಧಿಯ ಬಳಿಕ ಕೊಡಬೇಕಾದದ್ದು ಮುದ್ದತಿ ಹುಂಡಿ. ಅದರ ಬರವಣಿಗೆಯ ಜಾಣ್ಮೆ ನಮ್ಮನ್ನು ಬೆರಗುಗೊಳಿಸುತ್ತದೆ. ಮೊತ್ತವನ್ನು ಒಮ್ಮೆ ಬರೆದು ಬಿಡುತ್ತಿರಲಿಲ್ಲ. 500 ರೂಪಾಯಿಯಾದರೆ, ಅದರ ಅರ್ಧ 250, ಅದರ ಇಮ್ಮಡಿ ಎಂದು ಮತ್ತೆ ಕಾಣಿಸುತ್ತಿದ್ದರು. ಒಂದು ಸೊನ್ನೆ ಸೇರಿಸಿ ವಂಚಿಸಲು ಹೊರಟವನು ಅಲ್ಲಿಯೇ ಸಿಕ್ಕಿಬೀಳುತ್ತಿದ್ದ. ಮೂಲ ಚೀಟಿ ಕಳೆದರೆ ‘ಪೇಠ್’ ಎಂಬ ಎರಡನೆಯ ಪ್ರತಿ, ಅದೂ ಕಳೆದರೆ ‘ಪರಪೇಠ್’ ಎಂಬ ಮೂರನೆಯದು ಸಿಗುತ್ತಿತ್ತು. ಆದರೆ ಈ ಜಾಣ್ಮೆಯೆಲ್ಲ ಒಂದೇ ಲಿಪಿ, ಒಂದೇ ಸಂಪ್ರದಾಯ ಬಲ್ಲ ವರ್ತಕವಲಯದ ಸೊತ್ತಾಗಿತ್ತು. ಕೂಲಿಯವನಿಗೆ ಅಲ್ಲಿ ಸ್ಥಳವಿರಲಿಲ್ಲ.

ಆ ಬಾಗಿಲನ್ನು ತೆರೆದದ್ದು 1880ರಲ್ಲಿ ಭಾರತದ ಅಂಚೆ ಇಲಾಖೆ ಕೈಗೆತ್ತಿಕೊಂಡ ಮನಿಯಾರ್ಡರ್. ಅದರ ನಮೂನೆಯನ್ನು ನೆನಪಿಸಿಕೊಳ್ಳಿ. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ ಇರಬೇಕು. ಒಂದು ತುಂಡಿನಲ್ಲಿ ಎರಡು ಮಾತು ಬರೆಯಲು ಜಾಗ. ಅದು ಪಡೆದವರಲ್ಲೇ ಉಳಿಯುತ್ತಿತ್ತು. ಇನ್ನೊಂದು ತುಂಡು ಸಹಿಯನ್ನೋ ಹೆಬ್ಬೆಟ್ಟಿನ ಗುರುತನ್ನೋ ಹೊತ್ತು ಕಳುಹಿಸಿದವನಿಗೆ ಮರಳುತ್ತಿತ್ತು. ಅವ್ವನ ಹೆಬ್ಬೆಟ್ಟಿನ ಮಸಿಯನ್ನು ಕಂಡಾಗಲೇ ನಗರದ ಮಗನಿಗೆ ನೆಮ್ಮದಿ. ಆಕೆಗೆ ಓದು ಬಾರದಿರಬಹುದು, ಬ್ಯಾಂಕಿನ ಖಾತೆ ಇಲ್ಲದಿರಬಹುದು. ಹಣವೇ ಮನೆಬಾಗಿಲಿಗೆ ಬರುತ್ತಿತ್ತು, ಅಂಚೆಯಣ್ಣ ಚೀಟಿಯ ಮಾತನ್ನೂ ಓದಿ ಹೇಳುತ್ತಿದ್ದ. ವ್ಯವಸ್ಥೆಯ ಅತ್ಯಂತ ದುರ್ಬಲ ಬಳಕೆದಾರಳನ್ನು ನಡುವಿನಲ್ಲಿಟ್ಟ ವಿನ್ಯಾಸ ಅದು. ನಿಧಾನವೆಂಬ ದೋಷ ಅದಕ್ಕಿತ್ತು. ಹಬ್ಬಕ್ಕೆಂದು ಕಳುಹಿಸಿದ ಹಣ ಹಬ್ಬ ಕಳೆದ ಮೇಲೆ ತಲುಪುವುದೂ ಇತ್ತು. 2015ರಲ್ಲಿ ಹಳೆಯ ಬಗೆಯ ಮನಿಯಾರ್ಡರ್ ನಿಂತಿತು.

ಮರುವರ್ಷವೇ, 2016ರ ಏಪ್ರಿಲ್‌ನಲ್ಲಿ, ರಾಷ್ಟ್ರೀಯ ಪಾವತಿ ನಿಗಮವು ಯುಪಿಐಯನ್ನು ಲೋಕಾರ್ಪಣೆ ಮಾಡಿತು. ಆ ಡಿಸೆಂಬರ್‌ನಲ್ಲಿ ಭೀಮ್ ಆ್ಯಪ್ ಬಂದಿತು. ಉದ್ದನೆಯ ಖಾತೆ ಸಂಖ್ಯೆಯನ್ನೂ ಶಾಖೆಯ ಸಂಕೇತವನ್ನೂ ತಪ್ಪಿಲ್ಲದೆ ತುಂಬಬೇಕಿದ್ದ ಕಾಟ ತಪ್ಪಿ, ಒಂದು ಮೊಬೈಲ್ ಸಂಖ್ಯೆಯೋ ಕ್ಯೂಆರ್ ಚೌಕವೋ ಸಾಕಾಯಿತು. ಹಣ ಹೋಗುವ ಮೊದಲೇ ಪಡೆಯುವವರ ಹೆಸರು ಪರದೆಯ ಮೇಲೆ ಮೂಡುತ್ತದೆ. ಹುಂಡಿಯ ಅರ್ಧ-ಇಮ್ಮಡಿಯ ಲೆಕ್ಕದಂತೆ ಇದೂ ಎಡವುವ ಮುನ್ನವೇ ಕೈಹಿಡಿಯುವ ಉಪಾಯ. ತರಕಾರಿ ಅಂಗಡಿಯ ಧ್ವನಿಪೆಟ್ಟಿಗೆ ‘ಇಷ್ಟು ರೂಪಾಯಿ ಬಂದಿದೆ’ ಎಂದು ಕೂಗಿದಾಗ ಹೆಬ್ಬೆಟ್ಟಿನ ರಸೀತಿಯೇ ದನಿಯಾಗಿ ಮರಳಿದೆ ಎನಿಸುತ್ತದೆ.

ಆದರೆ ಪರದೆ ಮೋಸಕ್ಕೂ ಎಡೆಮಾಡಿತು. ಹಣ ಬೇಡುವ ಕೋರಿಕೆ ಬಂದಾಗ, ಹಣ ಬರುತ್ತಿದೆಯೆಂದು ನಂಬಿ ಪಿನ್ ಒತ್ತಿ ಕಳೆದುಕೊಂಡವರು ಅನೇಕರು. ಪಡೆಯಲು ಪಿನ್ ಬೇಕಿಲ್ಲವೆಂಬ ಸಣ್ಣ ಸತ್ಯ ಅವರಿಗೆ ಪರದೆಯಿಂದ ತಿಳಿಯಲಿಲ್ಲ. ಅದನ್ನು ಅವರ ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಕೊಡುವ ಕ್ರಿಯೆಯನ್ನು ಪಡೆಯುವ ಕ್ರಿಯೆಯಂತೆ ಕಾಣಿಸಲು ಬಿಟ್ಟದ್ದು ವಿನ್ಯಾಸದ ತಪ್ಪು. ಕೊನೆಗೆ 2025ರ ಅಕ್ಟೋಬರ್‌ನಿಂದ ವ್ಯಕ್ತಿಯಿಂದ ವ್ಯಕ್ತಿಗೆ ಇಂಥ ಕೋರಿಕೆ ಕಳುಹಿಸುವ ಸೌಲಭ್ಯವನ್ನೇ ನಿಲ್ಲಿಸಬೇಕಾಯಿತು.

ಭಾಷೆಯ ಮಾತೂ ಇದೆ. ಭೀಮ್ ಮೊದಲು ಮಾತಾಡಿದ್ದು ಹಿಂದಿ, ಇಂಗ್ಲಿಷುಗಳಲ್ಲಿ. ಕನ್ನಡ ಸೇರಿದ್ದು ಆಮೇಲೆ. ಕನ್ನಡವಿದ್ದರೆ ಸಾಲದು, ಅದು ಆಡುವ ಕನ್ನಡವಾಗಿರಬೇಕು. ‘ವಹಿವಾಟು ವಿಫಲಗೊಂಡಿದೆ’ ಎಂದರೆ ಹಳ್ಳಿಯ ಹಿರಿಯರ ಎದೆ ಧಸಕ್ಕೆನ್ನುತ್ತದೆ. ‘ಹಣ ಹೋಗಿಲ್ಲ, ನಿಮ್ಮ ಖಾತೆಯಲ್ಲೇ ಇದೆ’ ಎಂದರೆ ಸಮಾಧಾನ. ಸಾಮಾನ್ಯ ಫೋನಿನವರಿಗಾಗಿ 2022ರಲ್ಲಿ ಕರೆಯ ಮೂಲಕವೇ ಹಣ ಕಳುಹಿಸುವ ಯುಪಿಐ 123ಪೇ ಬಂದದ್ದು ಈ ದಿಕ್ಕಿನ ಒಳ್ಳೆಯ ಹೆಜ್ಜೆ.

ಹುಂಡಿ ವರ್ತಕರನ್ನು ನೆನೆದು ಹುಟ್ಟಿತು, ಮನಿಯಾರ್ಡರ್ ಪಡೆಯುವವಳನ್ನೂ ನೆನೆಯಿತು. ಮೊಬೈಲು ಹೆಚ್ಚಾಗಿ ನೆನೆಯುವುದು ಕಳುಹಿಸುವ ನಮ್ಮನ್ನು. ಹೊಸ ತಾಣವನ್ನೋ ಆ್ಯಪನ್ನೋ ರೂಪಿಸುವ ನಮ್ಮ ಮಕ್ಕಳು ಬೆಂಗಳೂರು, ಪುಣೆ, ಹೈದರಾಬಾದುಗಳ ಕಚೇರಿಗಳಲ್ಲಿ ಈಗಲೂ ಕುಳಿತಿದ್ದಾರೆ. ಪರದೆಯ ಆಚೆ ಬದಿಯಲ್ಲಿ ಹೆಬ್ಬೆಟ್ಟು ಚಾಚಿ ಕುಳಿತ ಆ ಅವ್ವನನ್ನು ಅವರು ಮರೆಯದಿರಲಿ ಎಂಬುದೇ ನಮ್ಮ ಆಸೆ.