ಗೋಷಾಮಹಲ್ ಬಾರಾದರಿ: ಮುಚ್ಚಿದ ಬಾಗಿಲಿನ ಪರಂಪರೆ

‘ಗೋಷಾ’ ಎಂಬ ಮಾತು ಕನ್ನಡಿಗರಿಗೆ ಹೊಸದಲ್ಲ. ಪರದೆಯೊಳಗಿನ ಹೆಣ್ಣುಮಕ್ಕಳ ಬಾಳನ್ನು ನಮ್ಮ ಹಿರಿಯರು ಗೋಷಾ ಪದ್ಧತಿ ಎಂದೇ ಕರೆದರು; ಬೆಂಗಳೂರಿನ ಶಿವಾಜಿನಗರದಲ್ಲಿ ಇಂದಿಗೂ ಗೋಷಾ ಆಸ್ಪತ್ರೆಯಿದೆ. ಮೂಲೆ, ಏಕಾಂತ ಎಂಬ ಅರ್ಥದ ಈ ಪಾರಸಿ ಪದವನ್ನು ಹೆಸರಿನಲ್ಲೇ ಹೊತ್ತ ಕಟ್ಟಡವೊಂದು ಹೈದರಾಬಾದಿನಲ್ಲಿದೆ. ಗೋಷಾಮಹಲ್ ಬಾರಾದರಿ ಎಂಬ ಈ ಕಟ್ಟಡ ಹದಿನೇಳನೆಯ ಶತಮಾನದ ಅರಮನೆ. ಒಂದೂವರೆ ಶತಮಾನದಿಂದ ಫ್ರೀಮೇಸನ್ನರ ಲಾಡ್ಜ್. ಲಾಡ್ಜ್ ಎಂದೊಡನೆ ನಮಗೆ ಪ್ರವಾಸಿಗರ ತಂಗುದಾಣ ನೆನಪಾದೀತು. ಇಲ್ಲಿ ಅದು ಒಂದು ಭ್ರಾತೃಸಂಘದ ಸದಸ್ಯರು ವಿಧಿಪೂರ್ವಕವಾಗಿ ಸೇರುವ ಸಭೆ, ಆ ಸಭೆ ನಡೆಯುವ ಮನೆ.

ಗೋಲ್ಕೊಂಡದ ಕೊನೆಯ ಸುಲ್ತಾನ ಅಬುಲ್ ಹಸನ್ ತಾನಾಷಾ 1680ರ ದಶಕದ ಆರಂಭದಲ್ಲಿ ಇದನ್ನು ಅಂತಃಪುರದ ಸ್ತ್ರೀಯರಿಗಾಗಿ ಕಟ್ಟಿಸಿದ. ಅಲ್ಲಿ ಅವರು ನೆಮ್ಮದಿಯಿಂದ ಬಾಳಿದ ದಿನಗಳು ಬಹಳವಲ್ಲ. 1686ರಲ್ಲಿ ನಮ್ಮ ಬಿಜಾಪುರವನ್ನು ಗೆದ್ದ ಔರಂಗಜೇಬನ ಸೈನ್ಯ ಮರುವರ್ಷ ಗೋಲ್ಕೊಂಡವನ್ನು ಮುತ್ತಿತು. ಸುಮಾರು ಎಂಟು ತಿಂಗಳ ಮುತ್ತಿಗೆಯ ಬಳಿಕ ಕೋಟೆ ಬಿದ್ದಿತು; ತಾನಾಷಾ ದೌಲತಾಬಾದಿನಲ್ಲಿ ಸೆರೆಯಾಳಾಗಿಯೇ ಕೊನೆಯುಸಿರೆಳೆದ.

ಬಾರಾದರಿಯ ಎರಡನೆಯ ಜನ್ಮ 1872ರದು. ಆರನೆಯ ನಿಜಾಮ ಮಹಬೂಬ್ ಅಲಿ ಖಾನನ ಹೆಸರಿನಲ್ಲಿ ಇದನ್ನು ಫ್ರೀಮೇಸನ್ನರಿಗೆ ಕೊಡಲಾಯಿತು. ನಿಜಾಮನಾದರೋ ಆಗ ಸುಮಾರು ಆರು ವರ್ಷದ ಬಾಲಕ. ರಾಜ್ಯಭಾರ ದಿವಾನ ಸಾಲಾರ್ ಜಂಗ್ ಮೊದಲಾದವರ ಕೈಯಲ್ಲಿತ್ತು. ಬೀದರ, ಕಲಬುರಗಿ, ರಾಯಚೂರುಗಳೂ ಅಂದು ಅದೇ ರಾಜ್ಯದ ಭಾಗವಾಗಿದ್ದವು ಎಂಬುದನ್ನು ನೆನೆದರೆ, ಈ ಕಟ್ಟಡದ ಕಥೆ ಕನ್ನಡಿಗರಾದ ನಮಗೆ ಪೂರ್ತಿ ಪರರದ್ದೆನಿಸದು.

1717ರಲ್ಲಿ ಲಂಡನ್ನಿನಲ್ಲಿ ಸಂಘಟಿತವಾದ ಫ್ರೀಮೇಸನ್ ಸಂಘ, ಮತಭೇದವನ್ನು ಹೊರಗಿಟ್ಟು ಮನುಷ್ಯರು ಸೋದರರಾಗಿ ಕೂಡಬೇಕೆಂದು ಸಾರಿತು. ಆದರ್ಶ ದೊಡ್ಡದು, ಬಾಗಿಲು ಮಾತ್ರ ಕಿರಿದು. ಕಲ್ಕತ್ತೆಯ ಪ್ರಸನ್ನಕುಮಾರ ದತ್ತ 1863ರಲ್ಲಿ ಸದಸ್ಯತ್ವ ಕೋರಿದಾಗ, ಹಿಂದೂ ಎಂಬ ಕಾರಣದಿಂದಲೇ ವಿರೋಧ ಎದ್ದಿತು. ಒಂಬತ್ತು ವರ್ಷಗಳ ಹೋರಾಟದ ನಂತರ ಅವರಿಗೆ ಪ್ರವೇಶ ದೊರೆತದ್ದು 1872ರಲ್ಲಿ, ಬಾರಾದರಿ ಲಾಡ್ಜ್ ಆದ ವರ್ಷವೇ. ಹೆಂಗಸರಿಗಂತೂ ಆ ಸಂಘದಲ್ಲಿ ಸ್ಥಾನವಿರಲಿಲ್ಲ. ಸ್ತ್ರೀಯರ ಏಕಾಂತಕ್ಕೆಂದು ಕಟ್ಟಿದ ಮನೆ, ಸ್ತ್ರೀಯರಿಗೆ ಪ್ರವೇಶವಿಲ್ಲದ ಗಂಡಸರ ಏಕಾಂತವಾಯಿತು. ಬಾರಾದರಿ ಎಂದರೆ ಹನ್ನೆರಡು ಬಾಗಿಲುಗಳದ್ದು ಎಂದರ್ಥ. ಹೆಸರಿಗೆ ಹನ್ನೆರಡು ಬಾಗಿಲು. ಊರಿನ ಪಾಲಿಗೆ ಒಂದೂ ತೆರೆಯಲಿಲ್ಲ.

ಆದರೂ ಈ ಮುಚ್ಚುಗಡೆಯೇ ಕಟ್ಟಡವನ್ನು ಕಾಯಿತೆಂದು ನಾವು ತಿಳಿಯುತ್ತೇವೆ. ದಖ್ಖನ್ನಿನ ಎಷ್ಟೋ ಅರಮನೆಗಳು ಯಜಮಾನರಿಲ್ಲದೆ ಗೋದಾಮುಗಳಾದವು, ಪಾಳುಬಿದ್ದವು, ಕಲ್ಲುಕಲ್ಲಾಗಿ ಚದುರಿದವು. ಇಲ್ಲಿ ಮಾತ್ರ ಒಂದೇ ಸಂಘ ತಲೆಮಾರುಗಳುದ್ದಕ್ಕೂ ದೀಪ ಹಚ್ಚಿತು, ಸೋರುವ ಸೂರನ್ನು ನೋಡಿಕೊಂಡಿತು. ಆದುದರಿಂದ ಇದರ ಪರಂಪರೆಯ ಬೆಲೆ ಕುತುಬ್‌ಶಾಹಿ ಕಮಾನುಗಳಲ್ಲಿ ಮಾತ್ರ ಇಲ್ಲ. ಅರಮನೆಯ ಗಾರೆಗಚ್ಚಿನ ನಡುವೆ ಮೂಲೆಮಟ್ಟ ಮತ್ತು ಕೈವಾರಗಳ ಲಾಂಛನ ಬಂದು ಕುಳಿತ ಆ ಬೆಸುಗೆಯಲ್ಲಿದೆ, ನಿಲ್ಲದ ಬಳಕೆಯಲ್ಲಿದೆ. ಸಂಘವನ್ನು ಹೊರಡಿಸಿ ಗೋಡೆಗಳನ್ನಷ್ಟೇ ಉಳಿಸಿದರೆ ಉಳಿಯುವುದು ಅರ್ಧ ಇತಿಹಾಸ.

ಮುಚ್ಚುಗಡೆಗೆ ಇನ್ನೊಂದು ಮುಖವೂ ಇದೆ. ಕಾಣದ ಮನೆಯ ಬಗ್ಗೆ ಊರು ಕಥೆ ಕಟ್ಟುತ್ತದೆ. ಉತ್ತರ ಭಾರತದಲ್ಲಿ ಇಂಥ ಕಟ್ಟಡಗಳಿಗೆ ‘ಜಾದೂಘರ್’ ಎಂಬ ಹೆಸರು ಬಿದ್ದಿತು. ಗೋಷಾಮಹಲಿನಿಂದ ಸುರಂಗ ಹೊರಟಿದೆಯೆಂಬ ಐತಿಹ್ಯ ಇಂದಿಗೂ ಬದುಕಿದೆ. ಕಥೆಗಳು ಕುತೂಹಲವನ್ನು ಹುಟ್ಟಿಸುತ್ತವೆ, ಮಮತೆಯನ್ನಲ್ಲ. ಆ ಮಮತೆಯ ಅಗತ್ಯ ಈಗ ಒದಗಿದೆ. 2025ರ ಜನವರಿಯಲ್ಲಿ ಪಕ್ಕದ ಗೋಷಾಮಹಲ್ ಕ್ರೀಡಾಂಗಣದ ನೆಲದಲ್ಲಿ ಉಸ್ಮಾನಿಯಾ ಆಸ್ಪತ್ರೆಯ ಹೊಸ ಕಟ್ಟಡಗಳಿಗೆ ಶಂಕುಸ್ಥಾಪನೆಯಾಯಿತು. ಅರಮನೆಯ ಕೊಳವಿದ್ದ ಜಾಗ ಅದೇ ಎಂದು ಹೇಳುತ್ತಾರೆ. ಹಳೆಯ ಆಸ್ಪತ್ರೆಗೆ 2020ರಲ್ಲಿ ಮಳೆನೀರು ನುಗ್ಗಿದ್ದನ್ನು ಕಂಡವರಾರೂ ಬಡರೋಗಿಗಳಿಗೆ ಹೊಸ ಸೂರು ಬೇಡವೆನ್ನಲಾರರು, ನಾವೂ ಅನ್ನುವುದಿಲ್ಲ. ಆದರೆ ಎತ್ತರದ ಕಟ್ಟಡಗಳು ಏಳುವಾಗ ನೆರೆಯ ಹಳೆಯ ಗೋಡೆಯ ಬಗ್ಗೆ ಎಚ್ಚರ ವಹಿಸಿರೆಂದು ಹೇಳುವ ನಾಗರಿಕರು ಬೇಕು. ಒಳಗೆ ಕಾಲಿಡದವರು ಹಾಗೆ ಹೇಳುವುದಾದರೂ ಹೇಗೆ?

ಲಂಡನ್ನಿನ ಫ್ರೀಮೇಸನ್ಸ್ ಹಾಲ್ 1933ರಲ್ಲಿ ಪೂರ್ಣಗೊಂಡದ್ದು. ಇಂದು ಅಲ್ಲಿ ವಸ್ತುಸಂಗ್ರಹಾಲಯವಿದೆ, ಸಾರ್ವಜನಿಕರು ಮಾರ್ಗದರ್ಶಿಯೊಡನೆ ಒಳಗನ್ನು ನೋಡಬಹುದು. ಇದರಿಂದ ಸಂಘದ ವಿಧಿಗಳ ಗುಟ್ಟೇನೂ ಬಯಲಾಗಲಿಲ್ಲ. ಗೋಷಾಮಹಲಿನ ಸೋದರರೂ ವರ್ಷಕ್ಕೆ ಕೆಲವು ದಿನ ಶಾಲಾ ಮಕ್ಕಳಿಗೆ, ಇತಿಹಾಸಾಸಕ್ತರಿಗೆ ಕದ ತೆರೆಯಲಿ. ವಿಧಿಗಳು ಅವರವೇ ಆಗಿರಲಿ. ತಾನಾಷಾ ಬಿಟ್ಟುಹೋದ ಕಮಾನುಗಳು ಊರಿನವೂ ಹೌದು. ಹನ್ನೆರಡರಲ್ಲಿ ಒಂದು ಬಾಗಿಲು ತೆರೆದರೂ ಕಾಯುವ ಕೈಗಳು ಹೆಚ್ಚುತ್ತವೆ.