ಹಾರ್ನಿಮನ್ ಸರ್ಕಲ್ ಉದ್ಯಾನ

ಮುಂಬಯಿಯ ಫೋರ್ಟ್ ಭಾಗದಲ್ಲಿ, ಟೌನ್ ಹಾಲಿನ ಎದುರಿಗಿರುವ ದುಂಡನೆಯ ತೋಟ. ವಿಸ್ತೀರ್ಣ 12,081 ಚದರ ಗಜ, ಅಂದರೆ ಎರಡೂವರೆ ಎಕರೆಯಷ್ಟು. ಹದಿನೆಂಟನೆಯ ಶತಮಾನದಲ್ಲಿ ಇಲ್ಲಿ ಸುಮಾರು 15 ಎಕರೆಯ ಬಯಲಿತ್ತು. ಅದನ್ನು ಬಾಂಬೆ ಗ್ರೀನ್ ಎನ್ನುತ್ತಿದ್ದರು. ಕಟ್ಟಡಗಳಿಗೆ ಹೋಗಿ ಮಿಕ್ಕ ಜಾಗವೇ ಇಂದಿನ ಉದ್ಯಾನ.

ಹೆಸರು ಗ್ರೀನ್ ಆದರೂ ಊರಿನವರು ಅದನ್ನು ಹುಲ್ಲುಹಾಸಾಗಿ ಇರಗೊಟ್ಟಿರಲಿಲ್ಲ. ಹಡಗು ಏರಬೇಕಾದ ಹತ್ತಿಯ ಅಂಡಿಗೆಗಳು ಇಲ್ಲೇ ರಾಶಿ ಬೀಳುತ್ತಿದ್ದವು. 1844ರಲ್ಲಿ ಹತ್ತಿ ವ್ಯಾಪಾರ ಕೊಲಾಬಾಕ್ಕೆ ಹೋದರೂ ತೆಂಗಿನ ಚಿಪ್ಪು, ಕಸಕಡ್ಡಿಗಳ ಗುಡ್ಡೆ ಉಳಿಯಿತು. 1850ರ ದಶಕದಲ್ಲಿ ಟೌನ್ ಹಾಲಿನ ಮುಂದಿನ ಆಲದ ಮರದಡಿ ಷೇರು ದಲ್ಲಾಳಿಗಳು ಸೇರತೊಡಗಿದರು. 1875ರಲ್ಲಿ ಸಂಘ ಕಟ್ಟಿಕೊಂಡು ಮುಂಬಯಿ ಷೇರುಪೇಟೆಯಾದವರು ಇವರೇ. ಬಯಲಿನಲ್ಲಿ ಗವರ್ನರ್ ಜನರಲ್ ಆಗಿದ್ದ ಲಾರ್ಡ್ ಕಾರ್ನ್‌ವಾಲಿಸನ ಅಮೃತಶಿಲೆಯ ಪ್ರತಿಮೆಯೂ ಇತ್ತು. ಮೇಲೆ ಮಂಟಪವಿದ್ದ ಮೇಲೆ ಒಳಗಿರುವುದು ದೇವರೇ ಇರಬೇಕು ಎಂದುಕೊಂಡ ಜನ ಅದಕ್ಕೆ ಹೂವು ಏರಿಸಿ ಕೈ ಮುಗಿಯುತ್ತಿದ್ದರು!

ಈ ಕಸದ ಬಯಲಿಗೆ ರೂಪ ಕೊಡಲು ಹೊರಟವನು ತೋಟಗಾರನಲ್ಲ, ಪೊಲೀಸ್ ಕಮಿಷನರ್ ಚಾರ್ಲ್ಸ್ ಫೋರ್ಜೆಟ್. ನಡುವೆ ತೋಟ, ಸುತ್ತ ಒಂದೇ ಮಾದರಿಯ ಕಮಾನುಗಳ ಕಟ್ಟಡಸಾಲು ಎಂಬುದು ಅವನ ಯೋಜನೆ. ಗವರ್ನರುಗಳಾದ ಎಲ್ಫಿನ್‌ಸ್ಟನ್ ಮತ್ತು ಬಾರ್ಟಲ್ ಫ್ರಿಯರ್ ಇದನ್ನು ಬೆಂಬಲಿಸಿದರು. ಅಮೆರಿಕದ ಅಂತರ್ಯುದ್ಧದಿಂದ ಇಲ್ಲಿನ ಹತ್ತಿಗೆ ಚಿನ್ನದ ಬೆಲೆ ಬಂದಿದ್ದ ಕಾಲ. ಕೋಟೆಯ ಗೋಡೆಗಳೂ ಆಗಲೇ ಉರುಳುತ್ತಿದ್ದವು. ನಗರಾಡಳಿತ ಸರ್ಕಾರದಿಂದ ಜಾಗ ಕೊಂಡು, ಸೈಟು ಮಾಡಿ, ಇಂಗ್ಲಿಷ್ ವ್ಯಾಪಾರಿ ಸಂಸ್ಥೆಗಳಿಗೆ ಮಾರಿ ಒಳ್ಳೆಯ ಲಾಭ ಮಾಡಿಕೊಂಡಿತು. ಮುಂಬಯಿಯ ಸೈಟು ವ್ಯವಹಾರ ಹೊಸದೇನಲ್ಲ.

1869ರಲ್ಲಿ ರೂಪುರೇಷೆ ಪಡೆದ ಉದ್ಯಾನ 1872ರಲ್ಲಿ ಮುಗಿಯಿತು. ಕಾಲುದಾರಿ, ಸಾಲುಮರ, ನಡುವೆ ಕಾರಂಜಿ. ಸಂಜೆ ಬ್ಯಾಂಡ್ ನುಡಿಯುತ್ತಿತ್ತು. ಗಾಳಿ ಸೇವನೆಗೆ ಪಾರ್ಸಿ ಕುಟುಂಬಗಳು ಬರುತ್ತಿದ್ದವು.

ಆಗಿನ ಹೆಸರು ಎಲ್ಫಿನ್‌ಸ್ಟನ್ ಸರ್ಕಲ್. ಸ್ವಾತಂತ್ರ್ಯಾನಂತರ ಗವರ್ನರನ ಹೆಸರು ಹೋಗಿ ಮತ್ತೊಬ್ಬ ಬ್ರಿಟಿಷನ ಹೆಸರೇ ಬಂತು. ಆದರೆ ‘ಬಾಂಬೆ ಕ್ರಾನಿಕಲ್’ ಸಂಪಾದಕ ಬೆಂಜಮಿನ್ ಹಾರ್ನಿಮನ್ ಭಾರತದ ಪರ ಬರೆದು 1919ರಲ್ಲಿ ಗಡೀಪಾರಾದವನು. ಪತ್ರಕರ್ತನ ಹೆಸರು ಈ ಜಾಗಕ್ಕೆ ಒಪ್ಪುತ್ತದೆ: 1822ರಲ್ಲಿ ಹುಟ್ಟಿದ ಗುಜರಾತಿ ಪತ್ರಿಕೆ ‘ಮುಂಬಯಿ ಸಮಾಚಾರ’ದ ಕೆಂಪು ಕಟ್ಟಡ ಪಕ್ಕದಲ್ಲೇ ಇದೆ.

ಕಾರ್ನ್‌ವಾಲಿಸ್ ಈಗ ಬೈಕಲಾದ ಭಾವು ದಾಜಿ ಲಾಡ್ ಮ್ಯೂಸಿಯಂ ಆವರಣದಲ್ಲಿದ್ದಾನೆ. ಉದ್ಯಾನ ನೋಡಲು ಹೋದವರು ಮೊದಲು 1833ರ ಟೌನ್ ಹಾಲಿನ ಮೆಟ್ಟಿಲು ಹತ್ತಿ ನಿಲ್ಲಬೇಕು. ತೋಟವೂ ಅದನ್ನು ಸುತ್ತಿದ ಕಮಾನುಸಾಲೂ ಅಲ್ಲಿಂದ ಒಟ್ಟಿಗೇ ಕಾಣುತ್ತವೆ.