ನಾಗೋಲ್ಡ್ ಕಣಿವೆಯ ಮರದ ದಾರಿ

ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್‌ನ ಉತ್ತರ ಭಾಗದಲ್ಲಿ ನಾಗೋಲ್ಡ್ ಎಂಬ ಹೊಳೆಯಿದೆ. ಉದ್ದ ಸುಮಾರು 90 ಕಿಲೋಮೀಟರ್. ನಮ್ಮ ಶರಾವತಿಗಿಂತ ಚಿಕ್ಕದು. ಬೇಸಿಗೆಯಲ್ಲಿ ಅದರ ಮೇಲ್ಭಾಗವನ್ನು ಎಷ್ಟೋ ಕಡೆ ಮೊಣಕಾಲುದ್ದದ ನೀರಿನಲ್ಲಿ ನಡೆದೇ ದಾಟಬಹುದು. ಅಂಥ ಹೊಳೆಯ ಮೇಲೆ ಐನೂರು ವರ್ಷಕ್ಕೂ ಹೆಚ್ಚು ಕಾಲ ಮರದ ತೆಪ್ಪಗಳು ಸಾಗಿದವು. ಅವುಗಳಲ್ಲಿ ಕೆಲವು ಇನ್ನೂರು ಮೀಟರಿಗೂ ಮೀರಿದ ಉದ್ದದವು. ಅರಣ್ಯ ಇಲಾಖೆಯಲ್ಲಿ ನಾಟಾ ಡಿಪೋಗಳ ಲೆಕ್ಕ ನೋಡುತ್ತಲೇ ನಿವೃತ್ತನಾದವನು ನಾನು. ಮಗಳ ಸಂಸಾರ ಆ ಸೀಮೆಯಲ್ಲಿರುವುದರಿಂದ ಹೋಗಿ ಬರುವುದುಂಟು. ಹೋದಾಗಲೆಲ್ಲ ಆ ಹೊಳೆಯ ದಂಡೆ ಹಿಡಿದು ನಡೆಯುತ್ತೇನೆ. ಇಷ್ಟು ನೀರು ಅಷ್ಟು ಮರವನ್ನು ಹೊತ್ತದ್ದು ಹೇಗೆ ಎಂಬುದೇ ನನ್ನ ಮನಸ್ಸನ್ನು ಹಿಡಿದಿಟ್ಟ ಪ್ರಶ್ನೆ.

ಉತ್ತರ ಶುರುವಾಗುವುದು ಕಲ್ಲಿನಿಂದ. ಊರ್ನಾಗೋಲ್ಡ್ ಎಂಬ ಹಳ್ಳಿಯ ಬಳಿ ಹುಟ್ಟುವ ಹೊಳೆ ಮೊದಲು ಪೂರ್ವಕ್ಕೆ ಹರಿಯುತ್ತದೆ. ನಾಗೋಲ್ಡ್ ಪಟ್ಟಣದ ಹತ್ತಿರ ಸುಣ್ಣಕಲ್ಲಿನ ಸೀಮೆಯನ್ನು ಮುಟ್ಟಿ ಉತ್ತರಕ್ಕೆ ತಿರುಗುತ್ತದೆ. ಪೂರ್ವದ ಸುಣ್ಣಕಲ್ಲಿನ ನೆಲದಲ್ಲಿ ಗೋಧಿ, ಬಾರ್ಲಿ ಚೆನ್ನಾಗಿ ಬೆಳೆಯುತ್ತವೆ. ಪಶ್ಚಿಮದ್ದು ಕೆಂಪು ಮರಳುಗಲ್ಲು, ಸಾರವಿಲ್ಲದ ಹುಳಿ ಮಣ್ಣು. ಅಲ್ಲಿ ಹುಲುಸಾಗಿ ಬರುವುದು ಮರ ಮಾತ್ರ. ಈ ಮರಳುಗಲ್ಲನ್ನು ಹೊಳೆ ಸುಮಾರು ಇನ್ನೂರು ಮೀಟರ್ ಆಳಕ್ಕೆ ಕೊರೆದಿದೆ. ಕಣಿವೆಯ ತಳ ಎಷ್ಟು ಇಕ್ಕಟ್ಟೆಂದರೆ ಊರು ಕಟ್ಟಲು ಜಾಗ ಸಿಕ್ಕಿದ್ದು ಅಲ್ಲೊಂದು ಇಲ್ಲೊಂದು ಕಡೆ. ಹಾಗಾಗಿ ಬೇಸಾಯದ ಹಳ್ಳಿಗಳು ಮೇಲೆ, ಕಾಡು ಕಡಿದ ಸಮತಟ್ಟು ನೆಲದ ಮೇಲಿವೆ. ಪ್ರತಿ ಮನೆಯ ಹಿಂದೆ ಪಟ್ಟಿಯಂಥ ಹೊಲ, ಹೊಲ ಮುಗಿದಲ್ಲಿ ಕಾಡು. ಕೆಳಗೆ ನೀರಿನ ಬಳಿ ಗಿರಣಿಗಳು, ಮರ ಕೊಯ್ಯುವ ಮಿಲ್ಲುಗಳು, ಕೆಲವೇ ಪಟ್ಟಣಗಳು. ಮೇಲಿನವರ ಬಳಿ ಮರವಿತ್ತು, ಧಾನ್ಯ ಸಾಲದು. ಮರ ಮಾರಬೇಕೆಂದರೆ ಅದನ್ನು ಇಳಿಜಾರಿನಲ್ಲಿ ಇಳಿಸಿ ನೀರಿಗೆ ಬಿಡುವುದೊಂದೇ ದಾರಿ.

ನೀರು ಯಾರದ್ದು ಎಂಬ ಜಗಳವೂ ಹಳೆಯದೇ. ಹೊಳೆಯ ಮೇಲ್ಭಾಗ ವ್ಯುರ್ಟೆಂಬೆರ್ಗ್ ಅರಸರದು. ಕೆಳಗೆ ಅದು ಎಂಟ್ಸ್ ನದಿಯನ್ನು ಸೇರುವ ಪ್ಫೋರ್ಟ್ಸ್‌ಹೈಮ್ ಬಾಡೆನ್ ಅರಸರದು. 1342ರಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡು ನಾಗೋಲ್ಡ್, ವ್ಯುರ್ಮ್, ಎಂಟ್ಸ್, ನೆಕ್ಕರ್ ನದಿಗಳನ್ನು ತೆಪ್ಪಗಳಿಗೆ ತೆರೆದರು. ಗಡಿಗಾಗಿ ಕಾದಾಡುವ ಕಾಲದಲ್ಲಿ ಮರದ ಸಲುವಾಗಿ ಕೂತು ಮಾತಾಡಿದರಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಇನ್ನು ಕೆಲಸದ ವಿಷಯ. ಚಳಿಗಾಲದಲ್ಲಿ ಮರ ಉರುಳಿಸುತ್ತಿದ್ದರು. ತೊಗಟೆ ಸುಲಿದು, ದಿಮ್ಮಿಗಳನ್ನು ಇಳಿಜಾರಿನ ಜಾರುಗಾಲುವೆಗಳಲ್ಲಿ ಹೊಳೆಯ ದಡಕ್ಕೆ ಜಾರಿಸುತ್ತಿದ್ದರು. ನಮ್ಮ ಕಡೆಯ ತೇಗದ ಕಥೆ ಬೇರೆ. ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ತೇಗದ ಬುಡದ ಸುತ್ತ ಪಟ್ಟಿ ಕಡಿದು, ನಿಂತಲ್ಲೇ ಒಣಗಿಸಿ, ಆಮೇಲೆ ತೇಲಿಬಿಡುವ ಪದ್ಧತಿಯಿತ್ತು. ಬ್ಲ್ಯಾಕ್ ಫಾರೆಸ್ಟ್‌ನ ಫರ್ ಮರಕ್ಕೆ ಆ ತಾಪತ್ರಯವಿಲ್ಲ. ಅದು ಹಗುರ, ನೆಟ್ಟಗೆ ಬೆಳೆಯುವ ಜಾತಿ.

ದಿಮ್ಮಿಗಳನ್ನು ಕಟ್ಟಲು ಹಗ್ಗವಾಗಲಿ ಸರಪಳಿಯಾಗಲಿ ಇರಲಿಲ್ಲ. ಎಳೆಯ ಸ್ಪ್ರೂಸ್, ಫರ್, ಹೇಸಲ್ ಸಸಿಗಳನ್ನು ತಂದು ಉದ್ದನೆಯ ಒಲೆಯಲ್ಲಿ ರಸ ಕುದಿಯುವವರೆಗೆ ಕಾಯಿಸುತ್ತಿದ್ದರು. ಬಿಸಿ ಆರುವ ಮುನ್ನ ದಪ್ಪ ತುದಿಯನ್ನು ಗಟ್ಟಿಯಾಗಿ ಸಿಕ್ಕಿಸಿ, ಇನ್ನೊಂದು ತುದಿಯನ್ನು ಗಳಕ್ಕೆ ಸುತ್ತುತ್ತ ಇಡೀ ಸಸಿಯನ್ನು ತಿರುಚುತ್ತಿದ್ದರು. ನಾರು ನಾರಾಗಿ ಬಿಚ್ಚಿಕೊಂಡ ಸಸಿ ಹಗ್ಗದಷ್ಟು ಬಾಗುತ್ತಿತ್ತು. ಇದಕ್ಕೆ ವೀಡೆ ಎಂದು ಹೆಸರು. ದಿಮ್ಮಿಯ ಎರಡೂ ತುದಿಗೆ ಬೈರಿಗೆಯಿಂದ ತೂತು ಕೊರೆದು, ವೀಡೆ ತೂರಿಸಿ, ಹಲವು ದಿಮ್ಮಿಗಳನ್ನು ಪಕ್ಕಪಕ್ಕಕ್ಕೆ ಬಿಗಿದರೆ ಒಂದು ಕಟ್ಟು ಆಯಿತು. ಇಂಥ ಕಟ್ಟುಗಳನ್ನು ಒಂದರ ಹಿಂದೊಂದು ಸಡಿಲವಾಗಿ ಜೋಡಿಸಿದರೆ ತೆಪ್ಪ. ಮುಂದಿನದು ಕಿರಿದು, ಹಿಂದಿನವು ಅಗಲ. ಸಡಿಲ ಬಿಡುವುದಕ್ಕೂ ಕಾರಣವುಂಟು. ತಿರುವು ಬಂದಲ್ಲೆಲ್ಲ ತೆಪ್ಪ ಹಾವಿನಂತೆ ಬಳುಕಿ ಹೋಗಬೇಕು.

ನೀರು ಕಡಿಮೆಯಿದ್ದುದಕ್ಕೂ ಉಪಾಯ ಕಂಡುಕೊಂಡಿದ್ದರು. ಹೊಳೆಗೂ ಅದರ ಹಳ್ಳಗಳಿಗೂ ಅಡ್ಡಲಾಗಿ ಮರದ ತೂಬಿನ ಒಡ್ಡುಗಳನ್ನು ಕಟ್ಟಿ ನೀರು ನಿಲ್ಲಿಸುತ್ತಿದ್ದರು. ತೆಪ್ಪ ಸಿದ್ಧವಾದಾಗ ತೂಬು ತೆರೆಯುತ್ತಿದ್ದರು. ಬಿಟ್ಟ ನೀರಿನ ಅಲೆಯ ಮೇಲೆ ತೆಪ್ಪ ಸಾಗಬೇಕು, ಅಲೆಯನ್ನು ಮೀರಿ ಓಡಲೂ ಬಾರದು. ಓಡಿದರೆ ಮೂತಿ ತಳಕ್ಕೆ ತಾಗಿ ಹಿಂದಿನ ಕಟ್ಟುಗಳೆಲ್ಲ ಮೇಲೇರಿ ಬೀಳುತ್ತವೆ. ಅದಕ್ಕೇ ಹಿಂಭಾಗದಲ್ಲಿ ಒಬ್ಬ ನುರಿತ ಆಳು ನಿಂತು, ದಪ್ಪ ಮರದ ತೊಲೆಯೊಂದನ್ನು ಹೊಳೆಯ ತಳಕ್ಕೆ ಒತ್ತಿ ವೇಗ ತಡೆಯುತ್ತಿದ್ದ. ಆ ಆಳಿನ ಲೆಕ್ಕ ತಪ್ಪಿದರೆ ಮುಂದಿದ್ದವರ ಜೀವಕ್ಕೇ ಕುತ್ತು. ಗಿರಣಿಗಳ ಕಟ್ಟೆಯಲ್ಲಿ ತೆಪ್ಪ ಇಳಿಯಲು ಒಂದು ಕಿಂಡಿ ಬಿಟ್ಟಿರಬೇಕಿತ್ತು. ತೆಪ್ಪ ಹಾಯುವಾಗ ನೀರೆಲ್ಲ ಆ ಕಿಂಡಿಗೆ ಹೋಗಿ ಗಿರಣಿ ನಿಲ್ಲುತ್ತಿತ್ತು. ಗಿರಣಿಯವರಿಗೂ ತೆಪ್ಪದವರಿಗೂ ತಕರಾರು ತಪ್ಪಿದ್ದಲ್ಲ.

ಪ್ಫೋರ್ಟ್ಸ್‌ಹೈಮ್ ದಾಟಿ ಎಂಟ್ಸ್‌ಗೆ, ಬೇಸಿಗ್‌ಹೈಮ್‌ನಲ್ಲಿ ನೆಕ್ಕರ್‌ಗೆ, ಮಾನ್‌ಹೈಮ್‌ನಲ್ಲಿ ರೈನ್‌ಗೆ. ನದಿ ಅಗಲವಾದಂತೆ ತೆಪ್ಪಗಳನ್ನು ಬಿಚ್ಚಿ ಇನ್ನೂ ದೊಡ್ಡದಾಗಿ ಕಟ್ಟುತ್ತಿದ್ದರು. 18ನೇ ಶತಮಾನದಲ್ಲಿ ರೈನ್ ನದಿಯ ದೊಡ್ಡ ತೆಪ್ಪಗಳ ಮೇಲೆ ನೂರಾರು ಆಳುಗಳು, ಅವರಿಗೆ ಗುಡಿಸಲು, ಅಡುಗೆಮನೆ ಎಲ್ಲ ಇದ್ದವು. ಕೊನೆಯ ನಿಲ್ದಾಣ ಹಾಲೆಂಡಿನ ಡೋರ್ಡ್ರೆಕ್ಟ್. ಅಲ್ಲಿನ ಹಡಗುಕಟ್ಟೆಗಳಿಗೆ ಉದ್ದ ಮರ ಬೇಕಿತ್ತು, ಕೆಸರು ನೆಲದ ಕಟ್ಟಡಗಳಿಗೆ ಅಡಿಗಂಬ ಬೇಕಿತ್ತು.

ಹಣ ನಿಂತದ್ದು ಕಣಿವೆಯ ಕಾಲ್ವ್ ಪಟ್ಟಣದಲ್ಲಿ. ಅಲ್ಲಿ 1650ರಿಂದ 1797ರವರೆಗೆ ಉಣ್ಣೆ ಬಟ್ಟೆಯ ಕಂಪನಿಯೊಂದಿತ್ತು. ಸುತ್ತಲಿನ ಹಳ್ಳಿಗಳ ನೇಕಾರರು ತಮ್ಮ ಬಟ್ಟೆಯನ್ನು ಆ ಕಂಪನಿಗೇ ಮಾರಬೇಕೆಂಬ ಕಟ್ಟುಪಾಡಿತ್ತು. ಹಾಲೆಂಡ್ ನಾಟಾ ವ್ಯಾಪಾರವೂ ಆ ಊರಿನ ಸಿರಿವಂತರ ಕೈಗೆ ಬಂತು. ಆ ವ್ಯಾಪಾರದ ಫಿಷರ್ ಮನೆತನದವರು 18ನೇ ಶತಮಾನದ ಕೊನೆಯಲ್ಲಿ ಕಟ್ಟಿಸಿದ ಭವ್ಯ ಮನೆ ಇಂದಿಗೂ ಗಟ್ಟಿಯಾಗಿದೆ. ಕಡಿದವರ, ತಿರುಚಿದವರ, ನೀರಿನಲ್ಲಿ ನಿಂತವರ ಹೆಸರು ಯಾವ ಗೋಡೆಯ ಮೇಲೂ ನನಗೆ ಕಾಣಲಿಲ್ಲ.

ಕಾಲ್ವ್ ಕನ್ನಡಿಗರಿಗೂ ತೀರ ಹೊರಗಿನ ಊರಲ್ಲ. ‘ಮಂಗಳೂರು ಸಮಾಚಾರ’ ಹೊರಡಿಸಿದ ಮೋಗ್ಲಿಂಗರ ಗೆಳೆಯ, ಮುಂದೆ ಅವರ ಜೀವನಚರಿತ್ರೆ ಬರೆದ ಹೆರ್ಮನ್ ಗುಂಡರ್ಟ್ ಭಾರತದಿಂದ ಮರಳಿ ನೆಲೆಸಿದ್ದು ಇಲ್ಲೇ. ಅವರ ಮಲಯಾಳಂ ನಿಘಂಟು 1872ರಲ್ಲಿ ಅಚ್ಚಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. 1877ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಅವರ ಮೊಮ್ಮಗ, ಕಾದಂಬರಿಕಾರ ಹೆರ್ಮನ್ ಹೆಸ್ಸೆ, ಬಾಲ್ಯದಲ್ಲಿ ಕಂಡ ತೆಪ್ಪಗಳ ಬಗ್ಗೆ ಬರೆದಿದ್ದಾರೆ. ಅವರು ನೋಡಿದ್ದು ಆ ಕಸುಬಿನ ಕೊನೆಯ ದಿನಗಳನ್ನು. 1872ರಲ್ಲಿ ಕಾಲ್ವ್‌ಗೆ ರೈಲು ಬಂದಿತ್ತು. 1874ರ ಹೊತ್ತಿಗೆ ಪ್ಫೋರ್ಟ್ಸ್‌ಹೈಮ್‌ವರೆಗೂ ಹಳಿ ಬಿತ್ತು. ರೈಲಿಗೆ ಮಳೆಗಾಲ, ಬರಗಾಲ ಒಂದೇ. 20ನೇ ಶತಮಾನದ ಆರಂಭದ ದಶಕಗಳಲ್ಲಿ ತೆಪ್ಪಗಳು ನಿಂತುಹೋದವು.

ಅಷ್ಟರಲ್ಲಿ ಕಾಡೂ ಬದಲಾಗಿತ್ತು. ಹಾಲೆಂಡಿಗೆ ನಾಟಾ, ಇದ್ದಿಲು ಸುಡುವವರಿಗೆ ಸೌದೆ, ಗಾಜಿನ ಕುಲುಮೆಗಳಿಗೆ ಬೂದಿ ಎಂದು ಕಡಿದು ಕಡಿದು ಬ್ಲ್ಯಾಕ್ ಫಾರೆಸ್ಟ್‌ನ ಎಷ್ಟೋ ಗುಡ್ಡಗಳು ಬೋಳಾಗಿದ್ದವು. 19ನೇ ಶತಮಾನದಲ್ಲಿ ಮತ್ತೆ ನೆಟ್ಟಾಗ ಬೇಗ ಬೆಳೆಯುವ ಸ್ಪ್ರೂಸ್‌ಗೇ ಹೆಚ್ಚು ಜಾಗ ಸಿಕ್ಕಿತು. ಇಂದು ಪ್ರವಾಸಿಗರು ಆದಿಕಾಲದ್ದೆಂದು ನಂಬುವ ಆ ಕಡುಹಸಿರು ಬಹುಮಟ್ಟಿಗೆ ಮನುಷ್ಯರು ಸಾಲು ಹಿಡಿದು ನೆಟ್ಟದ್ದು. 1999ರ ಡಿಸೆಂಬರ್ 26ರಂದು ಬೀಸಿದ ಲೋಥರ್ ಬಿರುಗಾಳಿಗೆ ಬೇರು ಆಳಕ್ಕಿಳಿಯದ ಸ್ಪ್ರೂಸ್ ಮರಗಳು ಸಾಲುಸಾಲಾಗಿ ಬಿದ್ದವು. ಈಗ ಅಲ್ಲಿ ಫರ್, ಬೀಚ್ ಬೆರೆತ ಕಾಡಿಗೆ ಮರಳುತ್ತಿದ್ದಾರೆ. ಅಳೆದು ಕಡಿ, ಕಡಿದಷ್ಟು ಬೆಳೆಸು ಎಂಬ ಜರ್ಮನ್ ಅರಣ್ಯಶಾಸ್ತ್ರವನ್ನು ನಮ್ಮ ದೇಶಕ್ಕೆ ತಂದವರು ಬಾನ್ ನಗರದ ಡಿಟ್ರಿಕ್ ಬ್ರಾಂಡಿಸ್. 1864ರಲ್ಲಿ ಅವರು ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕರಾದರು. ನಾನು ನೌಕರಿಯಲ್ಲಿ ಕಲಿತ ಕಾರ್ಯಯೋಜನೆಯ ಪಾಠಗಳ ಬೇರು ಇಂಥ ಕಣಿವೆಗಳ ಅನುಭವದಲ್ಲಿದೆ ಎಂಬುದು ಅಲ್ಲಿ ನಡೆದಾಡಿದ ಮೇಲೆ ನನಗೆ ಮನವರಿಕೆಯಾಯಿತು.

ಆಲ್ಟೆನ್‌ಸ್ಟೈಗ್ ಪಟ್ಟಣದವರು ಈ ಕಸುಬನ್ನು ಮರೆಯಲು ಬಿಟ್ಟಿಲ್ಲ. ಅಲ್ಲಿ ತೆಪ್ಪದವರ ಸಂಘವೊಂದಿದೆ. ಸಮೀಪದ ಮೋನ್‌ಹಾರ್ಟ್‌ನ ಹಳೆಯ ತೂಬಿನ ಒಡ್ಡನ್ನು ಉಳಿಸಿಕೊಂಡು, ಒಲೆ ಹೊತ್ತಿಸಿ, ಸಸಿ ತಿರುಚಿ ತೋರಿಸುತ್ತಾರೆ. 2022ರಲ್ಲಿ ಯುನೆಸ್ಕೊ ಜರ್ಮನಿ ಸೇರಿ ಆರು ದೇಶಗಳ ತೆಪ್ಪದ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಈ ಮನ್ನಣೆ ಆ ಕೈಗಳಿಗೆ ಸಲ್ಲಲೇಬೇಕಾದದ್ದು. ನಮ್ಮ ಡಿಪೋ ದಾಖಲೆಗಳಲ್ಲಿ ಘನಮೀಟರ್ ಇರುತ್ತದೆ, ದರ ಇರುತ್ತದೆ, ಹರಾಜಿನ ತಾರೀಖು ಇರುತ್ತದೆ. ದಿಮ್ಮಿ ಹೇಗೆ ಇಳಿಯಿತು, ಯಾರು ಇಳಿಸಿದರು ಎಂಬುದು ಇರುವುದಿಲ್ಲ. ಆನೆಯಿಂದ ಮರ ಎಳೆಸಿದ ಮಾವುತರು, ಹೊಳೆಗೆ ದಿಮ್ಮಿ ಬಿಟ್ಟ ಕೂಲಿಗಳು, ಅವರನ್ನು ಕಂಡ ಹಿರಿಯರು ನಮ್ಮ ಮಲೆನಾಡಿನಲ್ಲಿ ಇನ್ನೂ ಕೆಲವರಾದರೂ ಇದ್ದಾರೆ. ಅರಣ್ಯದ ಇತಿಹಾಸ ಬರೆಯುವವರು ಕಡತ ಬಿಚ್ಚುವ ಮುನ್ನ ಅವರ ಮನೆಯ ಜಗಲಿಗೆ ಹೋಗಿ ಕೂರಬೇಕು.